ಊದಿನಕಡ್ಡಿ ಹಚ್ಚಿ ಹಿಡದ ಸಪ್ಪಳ

ನಮ್ಮ ಮಗಳು ಮನ್ಯಾಗ ಸಿಂಥಸೈಜರ್ ಮಾಡ್ಲಿಕ್ಕತ್ತಾಳ ಅಂತ ಹೇಳಿದ್ನಲ್ಲಾ? ಪೂರ್ತಿ ಬಾಜಾ ಅಲ್ರೀ, ಅದರೊಳಗಿನ ಸ್ವರಾ ಹುಟ್ಟಸೋ ಬೋರ್ಡ್ ಅಷ್ಟ. ಅಂಗೈಯಷ್ಟ ಅಗಲ. ಅದರ ಮ್ಯಾಲೆ 40106 ಅನ್ನೋ 14 ಕಾಲಿನ ಐಸಿ, ತಿರುವೋ ಗುಂಡಿ ಒಂದು, ಕೆಪಾಸಿಟರ್ ಒಂದು. 9 ವೋಲ್ಟಿನ ಬ್ಯಾಟರಿ.

ಎಂಟು ದಿನ ಆದ್ರೂ ಸ್ಪೀಕರ್‌ನ್ಯಾಗ ಒಂದ ಸಪ್ಪಳಿಲ್ಲ. ನಾನು ಬ್ಯಾರೆ, ಪರೀಕ್ಷಿ ಹತ್ರ ಬಂತು, ಇದನ್ನೇನ ಹಚ್ಚಿಕೊಂಡ ಕೂತೀ ಅಂತ ಬೈದಿದ್ದೆ. ಮೊನ್ನೆ ರಾತ್ರಿ ನೋಡಿದ್ರ ಕಸದ ಡಬ್ಬ್ಯಾಗ ಬೋರ್ಡ್ ಬಿದ್ದದ, ಬಟಾಟಿ ಸಿಪ್ಪಿ ಮ್ಯಾಲೆ! ಹೊಟ್ಟ್ಯಾಗ ಕಲಸಿಧಂಗಾತು. ತಗದು, ಒರಸಿ, ಆಕಿ ಮುಂದ ಇಟ್ಟೆ. "ಏನೇನ ನೋಡೀದಿ, ನನಗ ಹೇಳು ತಂಗಿ" ಅಂದೆ.

ಬ್ಯಾಟರಿ ಸರಿ ಇತ್ತು. ಐಸಿದ 14ನೇ ಕಾಲಿಗೂ 7ನೇ ಕಾಲಿಗೂ ಮೀಟರ್ ಹಿಡದ್ಲು, ಕರೆಂಟ್ ಮುಟ್ಟಿತ್ತು. ಸ್ವರಾ ಹೊರಗ ಬರೋ ಕಾಲಿಗೆ ಹಿಡದಾಗ ಸೊನ್ನಿನೂ ಅಲ್ಲ, 9ನೂ ಅಲ್ಲ, ನಡುವ ನಾಲ್ಕೂವರಿ ತೋರಸ್ತು. "ಅವ್ವಾ, ಇದು ಸತ್ತಿಲ್ಲ! ಸೊನ್ನಿಗೂ 9ಕ್ಕೂ ಕುಣೀಲಿಕ್ಕತ್ತದ, ಮೀಟರ್ ಸರಾಸರಿ ತೋರಸ್ತದ" ಅಂದ್ಲು.

ಹಂಗಾರ ಕಿವಿಗ್ಯಾಕ ಕೇಳವಲ್ದು? ಕೆಪಾಸಿಟರ್ ತುಂಬಿ ಖಾಲಿ ಆಗೋ ವೇಗದಿಂದನ ಸ್ವರಾ ಹುಟ್ಟತದಂತ. ಅದರ ಕಾಲು ತಾಗದಿದ್ರ ಆ ವೇಗ ಸೆಕೆಂಡಿಗೆ ಲಕ್ಷಗಟ್ಟಲೆ ಏರತದ. ನಮ್ಮ ಕಿವಿಗೆ ಕೇಳೋದು ಹೆಚ್ಚಂದ್ರ 20,000. ಪಾಪ, ಎಂಟು ದಿನ ಅದು ಹಾಡೇ ಹಾಡ್ಯದ.

ನನಗ ತವರಮನಿ ರೇಡಿಯೋ ನೆನಪಾತು. ಬಡದ್ರ ಹಾಡ್ತಿತ್ತು. ಬಟ್ಟಿನಿಂದ ಒತ್ತಲಿಕ್ಕೆ ಹೋದ್ರ, ಮೈ ತಾಗಿದ್ರನೂ ಸ್ವರಾ ಬದಲಾಗ್ತದ ಅಂದ್ಲು. ಚಮಚಾ ಅಂತೂ ಬ್ಯಾಡ, ಶಾರ್ಟ್ ಆಗ್ತದ. ದೇವರ ಮನ್ಯಾಗಿಂದ ಉರದು ಉಳದ ಊದಿನಕಡ್ಡಿ ತಂದೆ. ಒಂದೊಂದ ಕಡೆ ಮೆಲ್ಲಕ ಒತ್ತಕೋತ ಬಂದ್ವಿ. ಕೆಪಾಸಿಟರ್ ಒತ್ತಿದ ಕೂಡಲೆ ಭೊಂ! ಬಿಟ್ರ ಬಂದ್.

ತಿರುವಿ ನೋಡಿದ್ರ ಅಲ್ಲಿಯ ಬೆಸುಗಿ ಮಾತ್ರ ಮಂಕ, ಗುಂಡಗ. ಉಳದವೆಲ್ಲಾ ಹೊಳೀಲಿಕ್ಕತ್ತಿದ್ವು. ಕಾಲು, ಅದರ ಬುಡದ ತಾಮ್ರ ಎರಡೂ ಕಾಯೋಕಿಂತ ಮೊದಲ ಸೋಲ್ಡರ್ ಹಾಕಿಬಿಟ್ಟಿದ್ಲು. ಹಂಚು ಕಾಯಲಾರದ ದೋಸಿ ಹುಯ್ದವರಿಗೆ ಬಿಡಿಸಿ ಹೇಳ್ಬೇಕೇನು? ಬ್ಯಾಟರಿ ತಗದು, ಈ ಸಲ ಎರಡನ್ನೂ ಕಾಸಿ ಸೋಲ್ಡರ್ ಮುಟ್ಟಿಸಿದ್ಲು. ನೀರಿನಂಗ ಹರದು ಕೂತ್ತು.

ಬೈದದ್ದಕ್ಕ ಏನರ ಹೇಳ್ಬೇಕು ಅಂತ ನಾನು ಬಾಯಿ ತಗಿಯೂದ್ರಾಗ ಆಕಿ ಗುಂಡಿ ತಿರುವೇ ಬಿಟ್ಲು. ರಾತ್ರಿ ಹನ್ನೊಂದು. ಒಳಗಿಂದ ಅತ್ತಿಯವರು, "ಏ, ಈ ಹೊತ್ತಿನ್ಯಾಗ ಮಿಕ್ಸರ್ ಯಾಕ ಹಚ್ಚೀರೇ?" ಅಂದ್ರು.