ಅಜೇಯರು, ಅನಾಹೂತರು

ಅಮೆರಿಕೆಯ ಪಶ್ಚಿಮ ಸಮುದ್ರತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜೆಸ್ಯೂಟ್ ಪಂಥದ ಪಾದ್ರಿಗಳು 1855ರಲ್ಲಿ ತೆರೆದ ಚಿಕ್ಕದೊಂದು ಶಾಲೆ ಕಾಲಕ್ರಮದಲ್ಲಿ ಬೆಳೆದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯವೆನಿಸಿತು. ಧನಬಲದಲ್ಲಾಗಲಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಾಗಲಿ ಅದು ಆ ದೇಶದ ಹೆಸರಾಂತ ವಿದ್ಯಾಪೀಠಗಳಿಗೆ ಎಣೆಯಾದುದಲ್ಲ. ಆದರೂ 1951ನೆಯ ಇಸವಿಯ ಶರತ್ಕಾಲದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಆಡಿದ ಫುಟ್‌ಬಾಲ್ ಪಂದ್ಯಗಳ ವೃತ್ತಾಂತವನ್ನು ಆ ನಾಡಿನ ಕ್ರೀಡಾಭಿಮಾನಿಗಳು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಅಮೆರಿಕೆಯವರು ಫುಟ್‌ಬಾಲ್ ಎಂದು ಕರೆಯುವ ಆಟ ನಮ್ಮ ಬಯಲುಗಳಲ್ಲಿ ಹುಡುಗರು ಒದೆಯುವ ಕಾಲ್ಚೆಂಡಿನ ಆಟವಲ್ಲ. ಹೆಸರಿನಲ್ಲಿ ಪಾದವಿದ್ದರೂ ಆಟವೆಲ್ಲ ಬಹುಮಟ್ಟಿಗೆ ಕೈಯದೇ. ವೈಯಾಕರಣರು ಇದನ್ನು ಅನ್ವರ್ಥನಾಮಗಳಲ್ಲಿ ಸೇರಿಸದೆ ರೂಢನಾಮವೆಂದೇ ಒಪ್ಪಿಕೊಳ್ಳಬೇಕು. ಅಂಡಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವುದು, ಓಡುವವನನ್ನು ಎದುರು ಪಕ್ಷದವರು ಹಿಡಿದು ಕೆಡಹುವುದು, ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುನ್ನಡೆಯದಿದ್ದರೆ ಚೆಂಡನ್ನು ಅವರಿಗೆ ಬಿಟ್ಟುಕೊಡುವುದು, ಇಷ್ಟು ತಿಳಿದರೆ ಸಾಕು. ಪಕ್ಷಕ್ಕೆ ಹನ್ನೊಂದು ಮಂದಿ. ಪಕ್ಕದವನು ತನ್ನ ಸ್ಥಾನದಲ್ಲಿ ನಿಲ್ಲದಿದ್ದರೆ ಎಂಥ ಶೂರನೂ ನಾಲ್ಕು ಹೆಜ್ಜೆ ಇಡಲಾರ.

ಈ ತಂಡದ ಶಿಕ್ಷಕ ಜೋ ಕುಹಾರಿಕ್ ಬಲು ಕಟ್ಟುನಿಟ್ಟಿನ ಮನುಷ್ಯ. ಬೇಸಗೆಯಲ್ಲಿ ಹುಡುಗರನ್ನು ಕಾರ್ನಿಂಗ್ ಎಂಬ ಊರಿಗೆ ಕರೆದೊಯ್ದು, ಸುಡುಬಿಸಿಲಿನಲ್ಲಿ ಅವರನ್ನು ಹಣ್ಣುಮಾಡಿದನು. ಆಟಗಾರರಲ್ಲಿ ಹಲವು ಬಗೆಯವರಿದ್ದರು. ಜೀನೋ ಮಾರ್ಕೆಟ್ಟಿ ಎಂಬವನು ಹದಿಹರೆಯದಲ್ಲಿಯೇ ಎರಡನೆಯ ಮಹಾಯುದ್ಧದ ರಣಭೂಮಿಯನ್ನು ಕಂಡು ಬಂದವನು. ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ಜನಾಂಗದವರು. ಮ್ಯಾಟ್ಸನ್ ಆ ಒಂದೇ ಋತುವಿನಲ್ಲಿ ಚೆಂಡು ಹಿಡಿದು 1,566 ಗಜ ಓಡಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅಗ್ರಗಣ್ಯನಾದನು. ಟೋಲರನ ಕೆಲಸ ಓಡುವವರನ್ನು ತಡೆಯುವುದು. ತಡೆಯುವವನಿಗೆ ಕೀರ್ತಿ ಕಡಮೆ. ಆದರೆ ಜೊತೆಗಾರರು ಅವನನ್ನು ತಮ್ಮೊಳಗೆ ಎಲ್ಲರಿಗಿಂತ ಮಿಗಿಲೆಂದು ಎಣಿಸುತ್ತಿದ್ದರು.

ಒಂಬತ್ತು ಪಂದ್ಯಗಳು ನಡೆದವು, ಒಂಬತ್ತರಲ್ಲಿಯೂ ಗೆಲುವು. ಎಲ್ಲವನ್ನೂ ವಿವರಿಸುವ ಅಗತ್ಯವಿಲ್ಲ. ದೂರದ ನ್ಯೂಯಾರ್ಕಿಗೆ ಹೋಗಿ ಫೋರ್ಡಂ ವಿಶ್ವವಿದ್ಯಾನಿಲಯದವರನ್ನು 32–26ರಿಂದ ಮಣಿಸಿದುದು ಕಷ್ಟದ ಜಯ. ನವೆಂಬರಿನಲ್ಲಿ ಪ್ರಬಲರೆನಿಸಿದ್ದ ಕಾಲೇಜ್ ಆಫ್ ಪೆಸಿಫಿಕ್ ತಂಡವನ್ನು 47–14ರಿಂದ ಸೋಲಿಸಿದ ಬಳಿಕವಂತೂ ಹೊಸವರ್ಷದ ಮಹಾಪಂದ್ಯಕ್ಕೆ ಕರೆ ಬಂದೇ ಬರುವುದೆಂದು ಎಲ್ಲರೂ ನಂಬಿದರು.

ಇಲ್ಲಿ ಆ ದೇಶದ ಪದ್ಧತಿಯನ್ನು ತಿಳಿಯಬೇಕು. ಋತು ಮುಗಿದ ಮೇಲೆ ಕೆಲವು ನಗರಗಳ ಸಮಿತಿಗಳು ಉತ್ತಮ ತಂಡಗಳನ್ನು ತಾವೇ ಆರಿಸಿ ಆಹ್ವಾನಿಸುತ್ತಿದ್ದವು. ಬಟ್ಟಲಿನಾಕಾರದ ಕ್ರೀಡಾಂಗಣದಿಂದ ಈ ಪಂದ್ಯಗಳಿಗೆ ‘ಬೌಲ್’ ಎಂಬ ಹೆಸರು ಬಂದಿತು. ಟಿಕೆಟಿನ ಆದಾಯದಲ್ಲಿ ಕಾಲೇಜುಗಳಿಗೂ ಪಾಲು ಇರುತ್ತಿತ್ತು. ಇಂಥ ಹಲವು ಪಂದ್ಯಗಳು ನಡೆಯುತ್ತಿದ್ದುದು ದಕ್ಷಿಣದ ಸೀಮೆಯಲ್ಲಿ. ಅಲ್ಲಿ ಬಿಳಿಯರಿಗೂ ಕಪ್ಪುಜನಕ್ಕೂ ಶಾಲೆ ಬೇರೆ, ರೈಲಿನ ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. ಇಬ್ಬರು ಕಪ್ಪು ಆಟಗಾರರನ್ನು ಮನೆಯಲ್ಲಿಯೇ ಬಿಟ್ಟು ಬರುವುದಾದರೆ ತಂಡಕ್ಕೆ ಸ್ವಾಗತವುಂಟೆಂಬ ಸೂಚನೆ ಹುಡುಗರ ಕಿವಿಗೆ ಬಿದ್ದಿತು.

ಹೋಗೋಣವೆಂದವನು ಒಬ್ಬನೂ ಇಲ್ಲ. ಇಪ್ಪತ್ತರ ಆಸುಪಾಸಿನ ವಯಸ್ಸು. ಬಾಳಿನಲ್ಲಿ ಒಮ್ಮೆ ಮಾತ್ರ ಒದಗುವ ಅವಕಾಶ. ಇಬ್ಬರನ್ನು ಬಿಟ್ಟು ಉಳಿದವರು ಹೋಗಿದ್ದರೆ ಅಂದಿನ ಲೋಕ ಅವರನ್ನು ದೂಷಿಸುತ್ತಲೂ ಇರಲಿಲ್ಲ. ಆ ಇಬ್ಬರಾದರೂ ಗೆಳೆಯರ ಲಾಭಕ್ಕೆ ಅಡ್ಡಬಂದೆವೆಂಬ ಸಂಕೋಚದಿಂದ ಕುಗ್ಗುವಂತಾಗದೆ, ಮಿಕ್ಕವರು ಅದನ್ನು ಚರ್ಚೆಯ ವಿಷಯವೆಂದೇ ಎಣಿಸದೆ ಹೋದುದು ಈ ವೃತ್ತಾಂತದಲ್ಲಿ ನಿಜವಾಗಿಯೂ ದೊಡ್ಡ ಸಂಗತಿ. ಅಜೇಯರಾಗಿಯೂ ಅನಾಹೂತರಾದ ತಂಡವೆಂಬ ಮಾತು ಅವರ ಹೆಸರಿನೊಡನೆ ಉಳಿದುಹೋಯಿತು.

ಇದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಫುಟ್‌ಬಾಲಿನ ಖರ್ಚು ಸಂಸ್ಥೆಯ ಬೊಕ್ಕಸವನ್ನು ಮೊದಲೇ ಬರಿದುಮಾಡಿತ್ತು. ಮಹಾಪಂದ್ಯದ ಹಣ ಬಂದಿದ್ದರೆ ಅಷ್ಟಿಷ್ಟಾದರೂ ಕೊರತೆ ತುಂಬುತ್ತಿತ್ತು. ಅದು ಬಾರದೆ, ಆ ಋತು ಮುಗಿದ ಬೆನ್ನಲ್ಲಿಯೇ ವಿಶ್ವವಿದ್ಯಾನಿಲಯ ಆ ಮಟ್ಟದ ಫುಟ್‌ಬಾಲನ್ನು ಕೈಬಿಟ್ಟಿತು. ಪಾದ್ರಿಗಳನ್ನು ಹಳಿಯುವುದು ಸುಲಭ. ವರ್ಷದ ಕೊನೆಗೆ ಜಮಾಖರ್ಚಿನ ಪುಸ್ತಕದ ಮುಂದೆ ಕುಳಿತು ಬಲ್ಲವರು ಹಾಗೆ ಹಳಿಯಲಾರರು. ಗೆದ್ದ ತಂಡವೇ ಕಡೆಯ ತಂಡವಾಯಿತು.

ಆಟಗಾರರು ಮಾತ್ರ ಕಳೆದುಹೋಗಲಿಲ್ಲ. ಮ್ಯಾಟ್ಸನ್ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಡಿ ಎರಡು ಪದಕಗಳನ್ನು ತಂದನು. ಅವನೂ ಮಾರ್ಕೆಟ್ಟಿಯೂ ಬಾಬ್ ಸೇಂಟ್ ಕ್ಲೇರನೂ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ಒಂದೇ ಕಾಲೇಜಿನ ಒಂದೇ ತಂಡದಿಂದ ಮೂವರು! ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಬರೆದು ಕಳುಹಿಸುತ್ತಿದ್ದ ತರುಣ ಪೀಟ್ ರೊಜೆಲ್ 1960ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಕಮಿಷನರ್ ಆದನು.

ಟೋಲರನಿಗೆ ಆ ಭಾಗ್ಯವಿರಲಿಲ್ಲ. 1952ರಲ್ಲಿ ಮಂಡಿಗೆ ಬಿದ್ದ ಪೆಟ್ಟು ಅವನ ಆಟವನ್ನು ಮುಗಿಸಿತು. ಅವನು ಉಪಾಧ್ಯಾಯನಾದನು, ಮುಂದೆ ಅದೇ ನಗರದ ಬೆಂಜಮಿನ್ ಫ್ರಾಂಕ್ಲಿನ್ ಶಾಲೆಯ ಮುಖ್ಯೋಪಾಧ್ಯಾಯನಾದನು. 1965ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅವನನ್ನು ಪಂದ್ಯಗಳ ನಿರ್ಣಾಯಕರಲ್ಲೊಬ್ಬನನ್ನಾಗಿ ನೇಮಿಸಿತು. ಆ ಸ್ಥಾನಕ್ಕೆ ಬಂದ ಕಪ್ಪು ಜನಾಂಗದವರಲ್ಲಿ ಅವನೇ ಮೊದಲಿಗ. ಬಣ್ಣದ ನೆಪದಿಂದ ಒಮ್ಮೆ ಅಂಗಳದಿಂದ ಹೊರಗಿಡಬೇಕೆಂದವನ ತೀರ್ಪಿಗೆ ಬಿಳಿಯರೂ ಕಪ್ಪುಜನರೂ ಇಪ್ಪತ್ತೈದು ವರ್ಷ ತಲೆಬಾಗಿದರು.

2006ರಲ್ಲಿ ವಿಶ್ವವಿದ್ಯಾನಿಲಯವು ಆ ತಂಡದಲ್ಲಿ ಬದುಕಿ ಉಳಿದಿದ್ದವರಿಗೆ ಗೌರವ ಡಾಕ್ಟರೇಟ್ ಪದವಿಗಳನ್ನು ನೀಡಿತು. ಟೋಲರ್ ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯ ಆವರಣಕ್ಕೆ ಅದೇ ವರ್ಷ ಅವನ ಹೆಸರನ್ನಿಟ್ಟರು. 2009ರಲ್ಲಿ ಅವನು ತೀರಿಕೊಂಡನು.