ಮಾತ್ರೆಯೂ ಬೇಕು, ಮುಟ್ಟುವ ಕೈಯೂ ಬೇಕು

ಸ್ವಲ್ಪ ಉದ್ದದ ಬರಹ. ಬಿಡುವು ಮಾಡಿಕೊಂಡು ಪೂರ್ತಿ ಓದಿ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಕಾಠಿಯಾವಾಡದ ಆ ಮೇಷ್ಟ್ರು ನೆನಪಿರ್ತಾರೆ. ಅವರು ಬರೆದ ಪತ್ರ 1929ರ ಡಿಸೆಂಬರ್‌ನಲ್ಲಿ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಗಿತ್ತು. ಬಾಬಾಸಾಹೇಬರು ಅದನ್ನ ತಮ್ಮ ಬರಹದಲ್ಲಿ ಸೇರಿಸಿಕೊಂಡರು. ಮೇಷ್ಟ್ರ ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಕಾಯಿಲೆ ಬಿತ್ತು, ಉಸಿರಾಡೋದೇ ಕಷ್ಟವಾಯ್ತು. ಡಾಕ್ಟರ್ ಕೇರಿಗೆ ಬರಲ್ಲ, ಮುಟ್ಟಿಯೂ ನೋಡಲ್ಲ ಅಂದ. ಊರಿನ ದೊಡ್ಡವರನ್ನ ಬೇಡಿಕೊಂಡು, ಎರಡು ರೂಪಾಯಿ ಫೀಸಿಗೆ ಒಪ್ಪಿಸಿದರು. ಆದರೂ ಷರತ್ತು, ಬಾಣಂತಿಯನ್ನ ಕೇರಿಯಿಂದ ಆಚೆ ತಂದು ತೋರಿಸಬೇಕು. ತಂದರು. ಡಾಕ್ಟರ್ ಥರ್ಮಾಮೀಟರನ್ನ ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ. ಅವರು ಮೇಷ್ಟ್ರಿಗೆ ಕೊಟ್ಟರು, ಮೇಷ್ಟ್ರು ಹೆಂಡತಿಗೆ ಇಟ್ಟರು. ವಾಪಸ್ಸು ಹೋಗಿದ್ದೂ ಅದೇ ದಾರೀಲಿ. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಅಂದ, ಔಷಧಿ ಕಳಿಸಿದ. ಮತ್ತೆ ಬರಲಿಲ್ಲ. ಆ ತಾಯಿ ಉಳಿಯಲಿಲ್ಲ.

ಆಗ ಪೆನ್ಸಿಲಿನ್ ಚಿಕಿತ್ಸೆಗೆ ಬಂದಿರಲಿಲ್ಲ. ಡಾಕ್ಟರ್ ಮುಟ್ಟಿ ನೋಡಿದ್ದರೂ ಆಕೆ ಬದುಕುತ್ತಿದ್ದಳು ಅಂತ ನಾನು ಹೇಳಲ್ಲ. ಆದರೆ ಉಸಿರು ಕಟ್ಟುತ್ತಿರುವ ಮನುಷ್ಯಳ ಎದೆ ಮೇಲೆ ಸ್ಟೆತಸ್ಕೋಪ್ ಇಡದೆ, ನಾಡಿ ಹಿಡಿಯದೆ ಮಾಡಿದ್ದು ಯಾವ ವೈದ್ಯ? ಉಪಕರಣ ಹೊಸ ಕಾಲದ್ದು, ಔಷಧಿ ಹೊಸ ಕಾಲದ್ದು. ಅದನ್ನ ಕೊಡುವ ಕೈ ಮಾತ್ರ ಮನುವಿನ ಕಾಲದ್ದು. ವೈದ್ಯಶಾಸ್ತ್ರ ಎಷ್ಟು ಮುಂದುವರೀತು ಅಂತ ಲೆಕ್ಕ ಹಾಕುವವರು ಔಷಧಿಯ ಚರಿತ್ರೆ ಮಾತ್ರ ಹೇಳ್ತಾರೆ. ಕೈಯ ಚರಿತ್ರೆಯನ್ನ ನಾವು ಹೇಳಬೇಕು.

ನಮ್ಮ ಕೈಯನ್ನ ವೈದ್ಯಕ್ಕೆ ಬೇಡ ಅಂದವರು ಯಾರೂ ಇಲ್ಲ. ನಾಡಿನ ಎಷ್ಟೋ ಕಡೆ ಹೊಕ್ಕುಳಬಳ್ಳಿ ಕುಯ್ಯೋಕೆ, ಮಾಸು ಹೂಳೋಕೆ ನಮ್ಮ ಹೆಂಗಸರೇ ಆಗಬೇಕಿತ್ತು. ಮಗು ತೆಗೆದ ಮೇಲೆ ಮನೆಯವರು ಸ್ನಾನ ಮಾಡಿ ಶುದ್ಧ ಆಗ್ತಿದ್ದರು, ಮಗು ತೆಗೆದವಳು ಹಿತ್ತಿಲಲ್ಲೇ ನಿಂತು ಅಕ್ಕಿ ಇಸಕೊಂಡು ಬರ್ತಿದ್ದಳು. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಅನ್ನೋ ವೈದ್ಯರು ಹೆಣ ಕುಯ್ದು ನೋಡಿದ್ದನ್ನ ದೊಡ್ಡ ಕ್ರಾಂತಿ ಅಂತ ಬರೀತಾರೆ. ಆಗಲಿ, ಮೇಲ್ಜಾತಿಯಲ್ಲಿ ಹುಟ್ಟಿ ಹೆಣ ಮುಟ್ಟಿದ್ದು ಆ ಕಾಲಕ್ಕೆ ದೊಡ್ಡದೇ. ಆದರೆ ಅದಕ್ಕೂ ಮೊದಲು, ಅದಾದ ಮೇಲೂ, ಹೆಣ ಹೊತ್ತವರು, ತೊಳೆದವರು, ಸುಟ್ಟವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಸಿಡುಬಿನ ವಿಷಯ ಇನ್ನೂ ಚೆನ್ನಾಗಿದೆ. ಈ ದೇಶದಲ್ಲಿ ಮೊದಲ ಲಸಿಕೆ ಬಿದ್ದಿದ್ದು 1802ರ ಜೂನ್‌ನಲ್ಲಿ, ಮುಂಬಯಿಯಲ್ಲಿ, ಮೂರು ವರ್ಷದ ಒಂದು ಹೆಣ್ಣು ಮಗುವಿಗೆ. ನಮ್ಮ ಹಿರಿಯರು 'ದಾಕು ಹಾಕೋದು' ಅಂತಿದ್ದರಲ್ಲ, ಅದು. ಆಗ ಲಸಿಕೆಯನ್ನ ಸೀಸೆಯಲ್ಲಿ ಇಡುವ ವಿದ್ಯೆ ಸರಿಯಾಗಿ ಬಂದಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ನೀರು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕಿತ್ತು. ಗುಳ್ಳೆ ಏಳಿಸಿಕೊಂಡು ಊರೂರು ಅಲೆಯೋಕೆ ಸಿಕ್ಕಿದ್ದು ಬಹುಮಟ್ಟಿಗೆ ಬಡವರ, ಕೆಳಜಾತಿಯವರ ಮಕ್ಕಳು. ಆ ಮಕ್ಕಳ ಮೈಯ ನೀರು ನಮ್ಮ ಮೈಗೆ ಬೇಡ ಅಂತ ಮೇಲ್ಜಾತಿಯವರು ತಕರಾರು ತೆಗೆದದ್ದು ಇತಿಹಾಸದಲ್ಲಿ ದಾಖಲಾಗಿದೆ. ಜೀವ ಹೋದರೂ ಚಿಂತೆಯಿಲ್ಲ, ಜಾತಿ ಹೋಗಬಾರದು.

ಇದು ಮೈಯ ಕಾಯಿಲೆ ಮಾತಾಯ್ತು. ಮನಸ್ಸಿನ ಕಾಯಿಲೆಗೆ ಬಂದರೆ ಕಥೆ ಇನ್ನೂ ಕಠೋರ. ಇಲ್ಲಿ ಯಾರು ರೋಗಿ ಅಂತ ತೀರ್ಮಾನ ಮಾಡುವ ಅಧಿಕಾರವೇ ಒಂದು ಆಯುಧ.

ಅಮೆರಿಕದಲ್ಲಿ 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ವೈದ್ಯ ಒಂದು ಹೊಸ ರೋಗ ಕಂಡುಹಿಡಿದ. ಹೆಸರು 'ಡ್ರಾಪೆಟೋಮೇನಿಯಾ'. ರೋಗದ ಲಕ್ಷಣ ಏನು ಗೊತ್ತಾ? ಕರಿಯ ಗುಲಾಮರು ಯಜಮಾನನ ಬಿಟ್ಟು ಓಡಿಹೋಗೋದು! ಚಿಕಿತ್ಸೆ ಚಾವಟಿ ಏಟು. ನಗು ಬರುತ್ತೆ. ಆದರೆ ಅದು ಆ ಕಾಲದ ವೈದ್ಯಕೀಯ ಪತ್ರಿಕೆಯಲ್ಲಿ ಗಂಭೀರವಾಗಿ ಅಚ್ಚಾದ ಲೇಖನ. ಜೀತ ಬಿಟ್ಟು ಓಡಿದ ನಮ್ಮ ತಾತಂದಿರಿಗೆ 'ತಲೆ ತಿರುಗಿದೆ ನನ್ಮಗಂಗೆ' ಅಂತ ಗೌಡರು ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಗ್ರೀಕ್ ಹೆಸರು ಅಷ್ಟೇ.

ಆಮೇಲಿನ ನೂರು ವರ್ಷದಲ್ಲಿ ಹುಚ್ಚಾಸ್ಪತ್ರೆಗಳ ಗೋಡೆಯೊಳಗೆ ನಡೆದ ಚಿಕಿತ್ಸೆಗಳ ಪಟ್ಟಿ ನೋಡಿ. ವಿಯೆನ್ನಾದ ವಾಗ್ನರ್-ಯೌರೆಗ್ ರೋಗಿಗಳಿಗೆ ಬೇಕಂತಲೇ ಮಲೇರಿಯಾ ಹತ್ತಿಸಿ, ಆ ಜ್ವರದಿಂದ ಸಿಫಿಲಿಸ್ ತಂದ ಬುದ್ಧಿವಿಕಾರ ಇಳಿಸೋಕೆ ನೋಡಿದ. 1927ರಲ್ಲಿ ನೊಬೆಲ್ ಬಂತು. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸೋದು ಬಂತು. 1938ರಲ್ಲಿ ರೋಮ್‌ನಲ್ಲಿ ಕರೆಂಟ್ ಶಾಕ್ ಬಂತು. ಮೆದುಳಿನ ನರ ಕತ್ತರಿಸುವ ಆಪರೇಷನ್ನಿಗೆ ಪೋರ್ಚುಗಲ್‌ನ ಎಗಾಸ್ ಮೋನಿಜ್‌ಗೆ 1949ರಲ್ಲಿ ಇನ್ನೊಂದು ನೊಬೆಲ್. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಶಾಕ್ ಚಿಕಿತ್ಸೆಯನ್ನ ಇವತ್ತು ಅರಿವಳಿಕೆ ಕೊಟ್ಟು ಮಾಡ್ತಾರೆ, ತೀವ್ರ ಖಿನ್ನತೆಯಲ್ಲಿ ಜೀವ ಉಳಿಸಿದ್ದೂ ಇದೆ. ನರ ಕತ್ತರಿಸುವ ಆ ಆಪರೇಷನ್ ಮೂಲೆಗೆ ಬಿತ್ತು. ನಾನು ಹೇಳೋದು ಇಷ್ಟೇ: ಹೊಸದು ಏನೇ ಬಂದರೂ ಮೊದಲು ಪ್ರಯೋಗ ಆಗಿದ್ದು 'ಬೇಡ' ಅಂತ ಹೇಳೋ ಶಕ್ತಿ ಇಲ್ಲದವರ ಮೇಲೆ.

1952ರಲ್ಲಿ ಪ್ಯಾರಿಸ್‌ನ ಆಸ್ಪತ್ರೆಯೊಂದರಲ್ಲಿ ಕ್ಲೋರ್‌ಪ್ರೊಮಜೀನ್ ಅನ್ನೋ ಔಷಧಿ ಮಾನಸಿಕ ರೋಗಿಗಳಿಗೆ ಕೊಟ್ಟರು. ಅಲ್ಲಿಂದ ಕಾಲ ಬದಲಾಯ್ತು. ಕಟ್ಟಿಹಾಕಬೇಕಾಗಿದ್ದವರು ಕೂತು ಊಟ ಮಾಡಿದರು, ಮನೆಗೆ ಹೋದರು. ಇದನ್ನ ನಾನು ಪುಸ್ತಕದಿಂದ ಮಾತ್ರ ಹೇಳ್ತಿಲ್ಲ.

ನಮ್ಮ ಚಿಕ್ಕಪ್ಪ ಒಬ್ಬರು ತೊಂಬತ್ತರ ದಶಕದಲ್ಲಿ ನಿದ್ದೆ ಬಿಟ್ಟರು. ಗೋಡೆ ಜೊತೆ ಮಾತಾಡೋರು. ಊರಿನವರೆಲ್ಲ ಸೇರಿ ತನ್ನ ಸುಡೋಕೆ ಬರ್ತಿದ್ದಾರೆ ಅಂತ ರಾತ್ರಿಯೆಲ್ಲ ಬಾಗಿಲಿಗೆ ಒರಗಿ ಕೂರೋರು. ಮೂರು ಅಮಾವಾಸ್ಯೆ ಗುಡಿಗೆ ಕರಕೊಂಡು ಹೋದೆವು. ಗುಡಿ ಒಳಗಲ್ಲ, ಆಚೆ ಬೇವಿನ ಮರದ ಬುಡಕ್ಕೆ. ದೆವ್ವ ಬಿಡಿಸೋಕೂ ನಮಗೆ ಹೊರಗಿನ ಜಾಗವೇ. ಬೇವಿನ ಬರಲಿನಲ್ಲಿ ಹೊಡೆದರು, ಹೊಗೆ ಹಾಕಿದರು. ಕೊನೆಗೆ ಅಜ್ಜಿ ಇದ್ದೊಂದು ಮೇಕೆ ಮಾರಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿತು. ಎರಡು ತಿಂಗಳ ಮಾತ್ರೆ ಆದ ಮೇಲೆ ಒಂದು ಬೆಳಗ್ಗೆ ಚಿಕ್ಕಪ್ಪ ಎದ್ದು, 'ಅವ್ವಾ, ಮುದ್ದೆ ಇಕ್ಕು' ಅಂದರು. ನಮ್ಮ ಮನೇಲಿ ಆವತ್ತು ಹಬ್ಬ.

ಹಬ್ಬ ಬಹಳ ದಿನ ಉಳಿಯಲಿಲ್ಲ. ತಿಂಗಳಿಗೊಂದು ಸಲ ಬೆಂಗಳೂರಿಗೆ ಹೋಗಿಬರೋಕೆ ಬಸ್‌ಚಾರ್ಜು, ಇಬ್ಬರ ಎರಡು ದಿನದ ಕೂಲಿ. ಮಾತ್ರೆ ನಿಂತಿತು, ಕಾಯಿಲೆ ವಾಪಸ್ಸು ಬಂತು. ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಗೆ ಹೋದರೆ ಮಾತ್ರೆ ಕೊಡೋನು ಚಿಕ್ಕಪ್ಪನ ಅಂಗೈಗೆ ಒಂದಡಿ ಮೇಲಿಂದ ಮಾತ್ರೆ ಬಿಡೋನು. ಮಾತ್ರೆಯಿಂದ ಕೈ ನಡುಗ್ತಿತ್ತು, ಎರಡು ಸಲ ನೆಲಕ್ಕೆ ಬಿತ್ತು. ನಾನು ಬಗ್ಗಿ ಆರಿಸಿಕೊಂಡೆ. ಆಮೇಲೆ ಚಿಕ್ಕಪ್ಪ ಅಲ್ಲಿಗೆ ಬರಲ್ಲ ಅಂತ ಹಟ ಹಿಡಿದರು. ಇದನ್ನ ರೋಗದ ಲಕ್ಷಣ ಅಂತ ಚೀಟಿಯಲ್ಲಿ ಬರೆದರು: 'ಚಿಕಿತ್ಸೆಗೆ ಸಹಕರಿಸುತ್ತಿಲ್ಲ.'

ಎಷ್ಟೋ ವರ್ಷದ ಮೇಲೆ ಒಬ್ಬ ಹೆಣ್ಣುಮಗಳು, ಆರೋಗ್ಯ ಇಲಾಖೆಯ ಸಮಾಜ ಕಾರ್ಯಕರ್ತೆ, ಹಟ್ಟಿಗೆ ಬಂದು ಜಗಲಿ ಮೇಲೆ ಚಿಕ್ಕಪ್ಪನ ಪಕ್ಕ ಕೂತರು. ಕೊಟ್ಟ ಟೀ ಕುಡಿದರು. ನಡುಗೋ ಕೈ ಹಿಡಿದು, 'ಇದು ಮಾತ್ರೆಯಿಂದ ಅಣ್ಣ, ಡಾಕ್ಟರಿಗೆ ಹೇಳಿ ಕಮ್ಮಿ ಮಾಡಿಸೋಣ' ಅಂದರು. ಅಲ್ಲಿಂದ ಚಿಕ್ಕಪ್ಪ ಒಂದು ದಿನ ಮಾತ್ರೆ ತಪ್ಪಿಸಿಲ್ಲ. ಇವತ್ತು ಕುರಿ ಕಾಯ್ತಾರೆ, ಓಟು ಹಾಕ್ತಾರೆ, ನನ್ನ ಬೈತಾರೆ.

ಔಷಧಿಯನ್ನ ಜನರ ಹತ್ತಿರ ತರಬೇಕು ಅನ್ನೋ ಯೋಚನೆ ದೇಶಕ್ಕೆ ಹರಡಿದ್ದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ನಿಮ್ಹಾನ್ಸ್‌ನವರು ಎಪ್ಪತ್ತರ ದಶಕದಲ್ಲೇ ಸಕಲವಾರದಲ್ಲಿ ಹಳ್ಳಿ ಜನರ ನಡುವೆ ಚಿಕಿತ್ಸೆ ಶುರು ಮಾಡಿದರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು, ಕೆಲವೇ ಅಗತ್ಯ ಮಾತ್ರೆಗಳನ್ನ ಅಲ್ಲೇ ಸಿಗೋ ಹಾಗೆ ಮಾಡಿದರು. ಅದೇ 'ಬಳ್ಳಾರಿ ಮಾದರಿ'. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸುಟ್ಟು ಸತ್ತರು. ಕ್ಲೋರ್‌ಪ್ರೊಮಜೀನ್ ಬಂದು ಆಗಲೇ 49 ವರ್ಷ ಆಗಿತ್ತು.

ಈಗ ನಮ್ಮವರಿಗೇ ಒಂದು ಮಾತು. ಸಭೆಗಳಲ್ಲಿ ಕೆಲವು ಸಂಗಾತಿಗಳು ಹೇಳೋದು ಕೇಳಿದ್ದೀನಿ: 'ಇದೆಲ್ಲ ಜಾತಿ ಕೊಟ್ಟ ನೋವು, ಇದಕ್ಕೆ ಹೋರಾಟವೇ ಮದ್ದು, ಮಾತ್ರೆ ನುಂಗಿಸಿ ಮಲಗಿಸೋದು ವ್ಯವಸ್ಥೆಯ ಹುನ್ನಾರ.' ಅರ್ಧ ನಿಜ. ಅವಮಾನಕ್ಕೆ ಮಾತ್ರೆ ಇಲ್ಲ. ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ಜಾತಿ ಹೆಸರಲ್ಲಿ ಕುಗ್ಗಿಸಿದ ಹುಡುಗನಿಗೆ 'ಡಿಪ್ರೆಷನ್' ಅಂತ ಚೀಟಿ ಅಂಟಿಸಿ, ಕುಗ್ಗಿಸಿದವರನ್ನ ಬಿಟ್ಟುಬಿಡೋದು ಕಾರ್ಟ್‌ರೈಟನ ಕೆಲಸವೇ. ಆದರೆ ಇನ್ನರ್ಧ? ರಾತ್ರಿಯೆಲ್ಲ ಬಾಗಿಲು ಕಾಯ್ತಿದ್ದ ನಮ್ಮ ಚಿಕ್ಕಪ್ಪನ್ನ ಘೋಷಣೆ ಮಲಗಿಸಲಿಲ್ಲ, ಮಾತ್ರೆ ಮಲಗಿಸಿತು. ಊರಿನವರ ಭಯ ಜಾತಿಯಿಂದ ಬಂದಿರಬಹುದು, ಗೋಡೆ ಮಾತಾಡಿದ್ದು ಕಾಯಿಲೆಯಿಂದ. ಮೇಲಿನ ಜನ ತಮ್ಮ ಮಕ್ಕಳಿಗೆ ಒಳ್ಳೆ ಡಾಕ್ಟರ್ ಹುಡುಕ್ತಾರೆ. ನಮ್ಮ ಮಕ್ಕಳಿಗೆ ಮಾತ್ರ ಸಿದ್ಧಾಂತ ಸಾಕಾ?

ನಮ್ಮ ಪಕ್ಕದ ಹಟ್ಟಿಯಲ್ಲಿ ಇವತ್ತಿಗೂ ಒಬ್ಬ ತಾಯಿ ಕೂಲಿಗೆ ಹೋಗೋ ಮುಂಚೆ ಮಗನ ಕಾಲಿಗೆ ಸರಪಳಿ ಹಾಕಿ, ಪಕ್ಕದಲ್ಲಿ ಒಂದು ಚೊಂಬು ನೀರಿಟ್ಟು ಹೋಗ್ತಾಳೆ. ಆಸ್ಪತ್ರೆಯಲ್ಲಿ ಮಾತ್ರೆ 'ಸ್ಟಾಕ್ ಇಲ್ಲ'. ಹೊರಗೆ ತಗೊಳೋಕೆ ದುಡ್ಡಿಲ್ಲ. ಆಕೆಯನ್ನ ಬೈಯ್ಯೋಕೆ ನನಗೆ ಬಾಯಿ ಬರಲಿಲ್ಲ. ಆ ಸರಪಳಿ ಆಕೆಯದ್ದಲ್ಲ, ಸ್ಟಾಕ್ ಇಲ್ಲ ಅಂದವರದ್ದು.

ಆದ್ದರಿಂದ ಭಾಷಣ ಬಿಟ್ಟು ಕೆಲಸಕ್ಕೆ ಬರೋಣ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಕೈಯಲ್ಲಿಟ್ಟುಕೊಳ್ಳಿ. ಒಬ್ಬರ ಸಾಮಾಜಿಕ ಸ್ಥಾನಮಾನ ನೋಡಿ, ಸಮಾಜದ ರೀತಿನೀತಿಗೆ ಒಗ್ಗಲ್ಲ ಅಂತ ನೋಡಿ ಮಾನಸಿಕ ರೋಗಿ ಅನ್ನುವಂತಿಲ್ಲ, ಇದು 3ನೇ ಕಲಂ. ಡ್ರಾಪೆಟೋಮೇನಿಯಾಕ್ಕೆ ಕಾನೂನು ಕೊಟ್ಟ ಉತ್ತರ. 18ನೇ ಕಲಂ ಪ್ರಕಾರ ಚಿಕಿತ್ಸೆ ಹಕ್ಕು, ಅದರಲ್ಲಿ ತಾರತಮ್ಯ ಇರಬಾರದು ಅನ್ನೋ ಕಡೆ 'ಜಾತಿ' ಅನ್ನೋ ಪದ ಸ್ಪಷ್ಟವಾಗಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಬಿಪಿಎಲ್ ಕಾರ್ಡು ಇರಲಿ ಇಲ್ಲದಿರಲಿ ಚಿಕಿತ್ಸೆ ಉಚಿತ ಅಂತ ಅಲ್ಲೇ ಬರೆದಿದೆ. 95ನೇ ಕಲಂ ಸರಪಳಿ ಹಾಕೋದನ್ನ, ಅರಿವಳಿಕೆ ಇಲ್ಲದೆ ಶಾಕ್ ಕೊಡೋದನ್ನ ನಿಷೇಧಿಸುತ್ತೆ. ಅಸ್ಪೃಶ್ಯತೆ ಕಾರಣಕ್ಕೆ ಆಸ್ಪತ್ರೆಗೆ ಸೇರಿಸದಿದ್ದರೆ ಅದು ಅಪರಾಧ ಅಂತ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಕಲಂ ಹೇಳುತ್ತೆ.

ನಾನು ಗುಮಾಸ್ತ. ಬಾಯಿಮಾತಿನ ದೂರಿಗೆ ಆಫೀಸಿನಲ್ಲಿ ಬೆಲೆ ಇಲ್ಲ ಅಂತ ದಿನಾ ನೋಡ್ತೀನಿ. 'ಸ್ಟಾಕ್ ಇಲ್ಲ' ಅಂದರೆ ಮಾತ್ರೆಯ ಹೆಸರು, ತಾರೀಖು ಹಾಕಿ ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡಿ. ಟಪಾಲಿನಲ್ಲಿ ಸೀಲು, ಸಹಿ ಹಾಕಿಸಿಕೊಂಡು ನಿಮ್ಮ ಪ್ರತಿ ಇಟ್ಟುಕೊಳ್ಳಿ. ಹತ್ತು ಹಟ್ಟಿಯಿಂದ ಹತ್ತು ಅರ್ಜಿ ಹೋದರೆ ಫೈಲು ಓಡುತ್ತೆ. ರಾತ್ರಿ ಹೊತ್ತು ಯಾರಿಗಾದರೂ ಬದುಕು ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ 'ಟೆಲಿ ಮಾನಸ್' ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡೋವರೆಗೆ ಪಕ್ಕದಲ್ಲಿ ಕೂತಿರಿ.

ನಿಮ್ಮ ತಾಲ್ಲೂಕಿನಲ್ಲಿ ಯಾವ ಮಾತ್ರೆ ಎಷ್ಟು ದಿನದಿಂದ ಇಲ್ಲ, ಎಲ್ಲಿ ಮುಟ್ಟದೆ ಔಷಧಿ ಕೊಡ್ತಿದ್ದಾರೆ, ಇನ್‌ಬಾಕ್ಸಿಗೆ ಬರೆಯಿರಿ. ರೋಗಿಯ ಹೆಸರು ಬೇಡ, ಊರು ಮತ್ತು ತಾರೀಖು ಸಾಕು. ಅರ್ಜಿ ನಾನು ಬರೆದುಕೊಡ್ತೀನಿ.

ಜೈಭೀಮ್.