ಬಸುರಿ ಹೊಳೆ ದಾಟಬಾರದು

ವಂದೇ ಭಾರತ್ ರೈಲು ದಾವಣಗೆರೆ ಸ್ಟೇಷನ್ನಿಗೆ ಬಂದಾಗ ಬೆಳಗ್ಗೆ ಒಂಬತ್ತು ದಾಟಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಅಮ್ಮ ನಿಂತಿದ್ದಳು. ಮೊದಲು ನನ್ನ ಹೊಟ್ಟೆ ನೋಡಿದಳು, ಆಮೇಲೆ ಮುಖ, ಕೊನೆಗೆ ಸೂಟ್‌ಕೇಸ್. "ಇಷ್ಟೇನಾ ತಂದಿರೋದು? ಬಾಣಂತನ ಮುಗಿಯೋವರೆಗೆ ಇಷ್ಟು ಬಟ್ಟೆ ಸಾಕಾಗುತ್ತಾ?" ಅಂದಳು.

ನಾನು ತಂದಿದ್ದು ಆರು ವಾರಕ್ಕೆ ಆಗುವಷ್ಟು ಬಟ್ಟೆ. ಆದರೆ ಅದನ್ನು ಅಲ್ಲಿ, ಅಷ್ಟು ಜನರ ನಡುವೆ ಹೇಳುವ ಧೈರ್ಯ ಬರಲಿಲ್ಲ. "ನೋಡೋಣ ಅಮ್ಮ" ಅಂದೆ. ಫೋನಿನಲ್ಲೂ ಎರಡು ತಿಂಗಳಿಂದ ಅದನ್ನೇ ಹೇಳುತ್ತಾ ಬಂದಿದ್ದೆ.

ನನಗೆ ಆಗ 21ನೇ ವಾರ. ಮದುವೆಯಾಗಿ ಮೂರು ವರ್ಷ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿಯೂ ಮೂರು ವರ್ಷ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ನಮ್ಮ ಸಂಸಾರ ಅಂದರೆ ಎರಡು ಲ್ಯಾಪ್‌ಟಾಪ್, ಒಂದು ಕುಕ್ಕರ್, ಭಾನುವಾರ ಮಿಕ್ಸಿ ಹಾಕಿದರೆ ಕೆಳಗಿನ ಮನೆಯ ಅಜ್ಜಿ ಏನಂದುಕೊಳ್ಳುತ್ತಾಳೋ ಅನ್ನುವ ಭಯ. ಮೊದಲ ಮೂರು ತಿಂಗಳು ಒಗ್ಗರಣೆ ವಾಸನೆ ಬಂದರೆ ನನಗೆ ವಾಂತಿ. ನನ್ನ ಗಂಡ ಚಳಿಯಲ್ಲಿ ಅಡುಗೆಮನೆಯ ಕಿಟಕಿ ಪೂರ್ತಿ ತೆಗೆದು, ಜಾಕೆಟ್ ಹಾಕಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಹೆರಿಗೆ ಆಗಬೇಕಾದದ್ದು ನವೆಂಬರ್ ಕೊನೆಗೆ. ಇಬ್ಬರೂ ಕೂತು ಯೋಚಿಸಿ, ಹೆರಿಗೆ ಅಲ್ಲೇ ಅಂತ ತೀರ್ಮಾನಿಸಿದ್ದೆವು. ಅಲ್ಲಿ ಹೆರಿಗೆಗೆ ಆರು ವಾರ ಮೊದಲು ಮತ್ತು ಎಂಟು ವಾರ ನಂತರ ಕಾನೂನಿನ ಪ್ರಕಾರ ಸಂಬಳ ಸಹಿತ ರಜೆ ಇದೆ. ವಿಮೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಹುಟ್ಟುವಾಗ ಅದರ ಅಪ್ಪ ಪಕ್ಕದಲ್ಲಿರುತ್ತಾನೆ.

ಇದನ್ನು ಅಮ್ಮನಿಗೆ ಹೇಳುವುದೊಂದು ಬಾಕಿ ಇತ್ತು.

ಅಮ್ಮನ ಕೋಣೆ

ಮನೆಗೆ ಬಂದರೆ ನಾನು ಓದುತ್ತಿದ್ದ ಹಿಂದಿನ ಕೋಣೆ ಆಗಲೇ ಬಾಣಂತಿ ಕೋಣೆಯಾಗಿತ್ತು. ಕಿಟಕಿಗೆ ದಪ್ಪ ಪರದೆ, ಗಾಳಿ ಬರದಂತೆ. ಮಂಚಕ್ಕೆ ಹೊಸ ಹತ್ತಿ ಹಾಸಿಗೆ. ಕಪಾಟಿನಲ್ಲಿ ಅಜ್ಜಿಯ ಹಳೇ ನೂಲಿನ ಸೀರೆಗಳನ್ನು ಒಗೆದು, ಚೌಕ ಚೌಕ ಹರಿದು, ಮಡಚಿ ಇಟ್ಟಿದ್ದಳು. ಡಬ್ಬಿಯಲ್ಲಿ ಅಂಟು, ಒಣಕೊಬ್ಬರಿ, ಉತ್ತುತ್ತಿ. ಮಗುವಿಗೆ ಎಣ್ಣೆ ನೀರು ಹಾಕಲು ಪಕ್ಕದ ಓಣಿಯ ಅಜ್ಜಿಗೂ ಹೇಳಿಟ್ಟಾಗಿತ್ತು. "ಡಿಸೆಂಬರ್‌ಗೆ ಬೇರೆ ಯಾರನ್ನೂ ಒಪ್ಕೋಬೇಡ ಅಂತ ಹೇಳೀನಿ" ಅಂದಳು ಅಮ್ಮ, ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕವರ ಖುಷಿಯಲ್ಲಿ.

ಆಷಾಢದ ಕೊನೆಯ ದಿನಗಳು. ಶುಭಕಾರ್ಯ ಯಾವುದೂ ಇಲ್ಲ. ಬೆಳಗ್ಗೆ ತಿಂಡಿ, ಮಧ್ಯಾಹ್ನದಿಂದ ನನ್ನ ಆಫೀಸ್ ಕೆಲಸ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ರಾತ್ರಿ ಎಂಟರವರೆಗೂ ಕಾಲ್. ಅಜ್ಜಿ ಬಾಗಿಲಲ್ಲಿ ಕೂತು ನನ್ನ ಫೋನಿನ ಆ್ಯಪ್ ಬಗ್ಗೆ ಕೇಳುತ್ತಿದ್ದಳು. ಈ ವಾರ ಮಗು ಬಾಳೆಹಣ್ಣಿನಷ್ಟು ಉದ್ದ, 28ನೇ ವಾರಕ್ಕೆ ಬದನೆಕಾಯಿಯಷ್ಟು ಅಂತ ಓದಿ ಹೇಳಿದೆ. "ಯಾವ ಬದನಿಕಾಯಿ? ಎಣ್ಣೆಗಾಯಿ ಮಾಡೋದಾ, ಸುಟ್ಟು ಬಜ್ಜಿ ಮಾಡೋದಾ? ಅದ್ರಾಗೆ ಭಾಳ ಫರಕ್ ಐತಿ" ಅಂದಳು. ಆ್ಯಪ್ ಮಾಡಿದವರು ಯೋಚಿಸಬೇಕಾದ ವಿಷಯ.

ಬಯಕೆ ಅಂತ ನಾನು ಕೇಳಿದ್ದು ಒಂದೇ: ಬೆಣ್ಣೆ ದೋಸೆ. ಪುಟ್ಟ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಬಿಳಿ ಕಾಯಿ ಚಟ್ನಿ, ಒಗ್ಗರಣೆಯಿಲ್ಲದ ಆಲೂಗಡ್ಡೆ ಪಲ್ಯ. ಒಗ್ಗರಣೆ ಇಲ್ಲ ಅನ್ನುವುದೇ ನನ್ನ ಪಾಲಿನ ಪುಣ್ಯ. ಈ ದೋಸೆಯ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ಹೆಂಗಸು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದು, ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಮಾರಲು ಶುರುಮಾಡಿದರಂತೆ. ಅಕ್ಕಿ, ಬೆಣ್ಣೆ ಎಲ್ಲ ಆಮೇಲೆ ಸೇರಿದ್ದು. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ನನಗೆ ಯಾವಾಗಲೂ ದೋಸೆ ಮಾತ್ರ ಕಾಣುತ್ತಿತ್ತು. ಈ ಸಲ ಗೊತ್ತಿಲ್ಲದ ಊರಿಗೆ ಮಕ್ಕಳನ್ನು ಕಟ್ಟಿಕೊಂಡು ಬಂದ ಆ ಹೆಂಗಸು ಕಂಡರು.

ಪಂಚಮಿ, ಆಮೇಲೆ ಕುಬಸ

ಶ್ರಾವಣ ಬಂತು, ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ಅಳ್ಳಿಟ್ಟು. ಚಿಕ್ಕಮ್ಮನ ಮನೆಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನನಗೆ ಹತ್ತಲು ಬಿಡಲಿಲ್ಲ. ಕುರ್ಚಿ ಹಾಕಿ ಕೂರಿಸಿ, ಕೈಗೊಂದು ಉಂಡೆ ಕೊಟ್ಟರು. ಮೂರು ವರ್ಷದಿಂದ ಪಂಚಮಿಯನ್ನು ಅಮ್ಮ ಕಳಿಸುವ ವಾಟ್ಸಾಪ್ ಫೋಟೋದಲ್ಲಿ ನೋಡಿದ್ದೆ. ಉಂಡೆ ಕಡಿದ ಶಬ್ದ ಫೋಟೋದಲ್ಲಿ ಬರುವುದಿಲ್ಲ ನೋಡಿ.

ಏಳನೇ ತಿಂಗಳು ಹಿಡಿಯುತ್ತಲೇ ಕುಬಸದ ದಿನ ಗೊತ್ತುಮಾಡಿದರು. ಬೆಂಗಳೂರಿನವರು ಸೀಮಂತ ಅನ್ನುತ್ತಾರೆ, ನಮ್ಮಲ್ಲಿ ಕುಬಸ. ಹಸಿರು ಸೀರೆ, ಹಸಿರು ಕುಪ್ಪಸ, ಮೊಣಕೈ ತನಕ ಹಸಿರು ಗಾಜಿನ ಬಳೆ. ಬಂದ ಹೆಂಗಸರೆಲ್ಲ ಉಡಿ ತುಂಬಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಬಾಳೆಹಣ್ಣು. ಬಯಕೆ ಊಟ ಅಂತ ಹತ್ತು ಮನೆಯಿಂದ ಹತ್ತು ಬುತ್ತಿ ಬಂದವು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಬುತ್ತಿ ಅನ್ನ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ನನ್ನ ಗಂಡ ಎಲ್ಲವನ್ನೂ ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಾ ವಿಡಿಯೋ ಕಾಲ್‌ನಲ್ಲಿ ನೋಡಿದ.

ಯಾರೋ ಕೇಳಿದರು, "ಹೆರಿಗೆ ಎಲ್ಲಿ?"

"ಇಲ್ಲೇ, ಇನ್ನೆಲ್ಲಿ! ಮೊದಲನೇದು ತವರಲ್ಲೇ ಅಲ್ವಾ" ಅಂದಳು ಅಮ್ಮ. ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಅವಳಿಗೆ ಅನುಮಾನ ಇದೆ ಅಂತ ನನಗೆ ಆಗಲೇ ಗೊತ್ತಾಯಿತು.

ಅವತ್ತು ರಾತ್ರಿ, ಬಳೆ ಸದ್ದಾಗದ ಹಾಗೆ ಕೈ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಹೇಳಿದೆ. ಟಿಕೆಟ್ ದಿನಾಂಕ, ರಜೆ, ವಿಮೆ, ಎಲ್ಲ. ಅಮ್ಮ ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬುತ್ತಿದ್ದಳು. ಪೂರ್ತಿ ತುಂಬಿ, ಮುಚ್ಚಳ ಹಾಕಿ, "ಹಂಗಾದ್ರೆ ಆ ಕೋಣೆ ಯಾರಿಗೆ ಮಾಡಿದ್ದು ನಾನು?" ಅಂದಳು. ಆಮೇಲೆ ಎರಡು ದಿನ ಊಟಕ್ಕೆ ಕರೆಯುವುದು ಬಿಟ್ಟರೆ ಮಾತಿಲ್ಲ. ಆ ಎರಡು ದಿನದಲ್ಲಿ ನಾನು ಮೂರು ಸಲ ಟಿಕೆಟ್ ಕ್ಯಾನ್ಸಲ್ ಮಾಡುವ ಪುಟ ತೆರೆದು ಮುಚ್ಚಿದೆ.

ಹರಿಹರದ ಹೊಳೆ ದಂಡೆ

ಮೂರನೇ ದಿನ ಅಜ್ಜಿ, "ಶ್ರಾವಣ ಸೋಮವಾರ, ಹರಿಹರಕ್ಕೆ ಹೋಗಿ ಬರಾಣ" ಅಂದಳು. ಅಪ್ಪ ಕಾರು ತೆಗೆದರು. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ದಾರಿಯುದ್ದಕ್ಕೂ ಭದ್ರಾ ಕಾಲುವೆ ನೀರಿನ ಗದ್ದೆಗಳು. ಹಿಂದಿನ ಸೀಟಿನಲ್ಲಿ ನಾವು ಮೂರು ತಲೆಮಾರು, ಮಾತಿಲ್ಲದೆ.

ನಾನು ಹುಟ್ಟಿದ್ದು ಹರಿಹರದಲ್ಲಿ. ನನ್ನ ಜನನ ಪ್ರಮಾಣಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಅಂತಿದೆ, ಏಕೆಂದರೆ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಜರ್ಮನಿಯಲ್ಲಿ ಮಗುವಿನ ಜನನ ನೋಂದಾಯಿಸಲು ತಂದೆ ತಾಯಿಯ ಜನನ ಪ್ರಮಾಣಪತ್ರ ಕೇಳುತ್ತಾರೆ. ಊರು ಅದೇ, ಜಿಲ್ಲೆ ಮಾತ್ರ ಬದಲಾಯಿತು ಅಂತ ಅವರಿಗೆ ವಿವರಿಸುವ ಕೆಲಸ ನನಗೆ ಇನ್ನೂ ಬಾಕಿ ಇದೆ.

ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು. ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಒಂದೇ ಮೂರ್ತಿ, ಬಲಭಾಗ ಶಿವ, ಎಡಭಾಗ ವಿಷ್ಣು. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರ ಇತ್ತು. ಅದಕ್ಕೆ ಇಬ್ಬರೂ ಒಂದೇ ಮೈಯಾಗಿ ಬಂದರು ಎಂಬುದು ಸ್ಥಳಪುರಾಣ. ಮಂಟಪದ ನುಣುಪು ಕಂಬಕ್ಕೆ ಒರಗಿ ಕೂತೆ. ಕಲ್ಲು ತಣ್ಣಗಿತ್ತು. ಒಳಗಿಂದ ಮಗು ಒದೆಯಿತು. ಅಜ್ಜಿ ಕೈ ಇಟ್ಟು ನೋಡಿ, "ಒಂದು ಮೈಯಾಗ ಇಬ್ರು ಇರೋದು ಎಷ್ಟು ಕಷ್ಟ ಅಂತ ಸ್ವಾಮಿಗೆ ಗೊತ್ತೈತಿ ಬಿಡು" ಅಂದಳು. ಅಮ್ಮ ಮೊದಲ ಸಲ ನಕ್ಕಳು.

ಅಲ್ಲಿಂದ ಹೊಳೆ ದಂಡೆಗೆ ಹೋದೆವು. ಮಲೆನಾಡಿನಲ್ಲಿ ಮಳೆ ಜೋರು. ತುಂಗಭದ್ರೆ ಕೆಂಪಗೆ, ದಂಡೆಯಿಂದ ದಂಡೆಗೆ ಹರಿಯುತ್ತಿತ್ತು. ಆಚೆ ದಂಡೆಯ ಕುಮಾರಪಟ್ಟಣ ಹಾವೇರಿ ಜಿಲ್ಲೆ. 1956ರ ನವೆಂಬರ್ 1ರವರೆಗೆ ಆಚೆ ಮುಂಬೈ ಸೀಮೆ, ಈಚೆ ಮೈಸೂರು ಸೀಮೆ. ಅಜ್ಜಿ ಹುಟ್ಟಿದ್ದು ಆಚೆ, ರಾಣೇಬೆನ್ನೂರು ಕಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ಈಚೆಗೆ. ಅಜ್ಜ ಮೈಸೂರು ಕಿರ್ಲೋಸ್ಕರ್‌ನಲ್ಲಿ ಕೆಲಸ ಮಾಡುತ್ತಿದ್ದರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ದೇಶವೆಲ್ಲ ಹೋದವು. ನಮ್ಮ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲೂ ಒಂದಿತ್ತು. ಅಜ್ಜ ನಿವೃತ್ತರಾದಾಗ ಕ್ವಾರ್ಟರ್ಸ್ ಬಿಟ್ಟುಕೊಟ್ಟರು. ಕೆಲ ವರ್ಷಗಳಲ್ಲಿ ಕಾರ್ಖಾನೆಯೂ ನಿಂತಿತು.

"ಬಸುರಿ ಹೊಳೆ ದಾಟಬಾರದು ಅಂತಾರೆ" ಅಂದಳು ಅಜ್ಜಿ, ನೀರು ನೋಡುತ್ತಾ. ನನಗೆ ಎದೆ ಧಸಕ್ಕೆಂದಿತು. ಅಮ್ಮನ ಪರವಾಗಿ ಶುರುಮಾಡಿದಳು ಅಂದುಕೊಂಡೆ.

"ನಿಮ್ಮಮ್ಮ ಹೊಟ್ಟೆಯಾಗಿದ್ದಾಗ ಹಿಂಗೇ ಮಳಿ. ಹೊಳಿ ತುಂಬಿ ಕುಬಸ ತಡ ಆತು. ಏಳು ತುಂಬಿ ಎಂಟಕ್ಕ ಬಿತ್ತು. ಇನ್ನ ದಾಟಬ್ಯಾಡ ಅಂದ್ರು ನಮ್ಮತ್ತಿ. ತವರಿಗೆ ಹೋಗಾಕ ಆಗಲಿಲ್ಲ. ಆಚೆ ದಂಡಿ ನೋಡಿ ಅತ್ತೆ ನಾನು." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀರು ಇಳಿದ ಮ್ಯಾಲೆ ನಮ್ಮವ್ವನೇ ಬಂದ್ಲು. ತಲಿ ಮ್ಯಾಲೆ ಗಂಟು, ಅದ್ರಾಗೆ ಅಂಟು ಬೆಲ್ಲ. ಕಂಪನಿ ಮನ್ಯಾಗ ಮೂರು ತಿಂಗಳು ಇದ್ದು ಬಾಣಂತನ ಮಾಡಿದ್ಲು."

ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದಳು: "ಬಸುರಿ ಹೊಳಿ ದಾಟಬಾರದು. ಅವ್ವ ದಾಟಬಹುದು. ಇಕಿ ಏಳು ತುಂಬೋದ್ರೊಳಗ ಹೋಗ್ಲಿ. ನೀನು ಹಿಂದಿಂದ ಹೋಗು. ನಿನ್ನ ಬಾಣಂತನ, ನೀ ಇಕೀನ ಹಡೆದಾಗಿಂದು, ಎರಡೂ ಆಗಿದ್ದು ಕಂಪನಿ ಮನ್ಯಾಗ. ಅದೇನು ನಮ್ಮಪ್ಪನ ಮನಿ ಆಗಿತ್ತೇನು?"

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಕಾರು ಹತ್ತಿದ ಮೇಲೆ ಕೇಳಿದಳು, "ಅಲ್ಲಿ ಬಚ್ಚಲಲ್ಲಿ ಬಿಸಿನೀರು ಎಷ್ಟು ಹೊತ್ತು ಬರುತ್ತೆ?"

"ಇಡೀ ದಿನ ಬರುತ್ತಮ್ಮ."

"ಕುದಿಯೋ ಹಂಗೆ ಬರುತ್ತಾ?"

ಮಗುವನ್ನೂ ತಾಯಿಯನ್ನೂ ನೋಡಲು ಅಲ್ಲಿ ಸೂಲಗಿತ್ತಿ ಮನೆಗೇ ಬರುತ್ತಾಳೆ ಅಂತ ನಾನು ಹೇಳಿದೆ. ಹೆಬಾಮೆ ಅನ್ನುತ್ತಾರೆ. ಮೊದಲ ಹತ್ತು ದಿನ ಬೇಕಿದ್ದರೆ ದಿನಾಲೂ, ಆಮೇಲೆ ಹನ್ನೆರಡು ವಾರದವರೆಗೆ ಅಗತ್ಯ ಬಿದ್ದಾಗ. ಖರ್ಚು ವಿಮೆಯದು. ಅಜ್ಜಿಗೆ ಇದು ಬಹಳ ಹಿಡಿಸಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಟಿವಿ ಮುಂದೆ ಕೂತು ಕೈ ಮುಗಿದವಳು ಅವಳು. "ಬುದ್ಧಿವಂತರ ದೇಶ" ಅಂತ ಸರ್ಟಿಫಿಕೇಟ್ ಕೊಟ್ಟಳು.

ಏಳು ತುಂಬುವುದರೊಳಗೆ

27ನೇ ವಾರದಲ್ಲಿ ನಾನು ವಾಪಸ್ ಹೊರಟೆ. ನನ್ನ ಹಾಗೆ ಪ್ರಯಾಣ ಮಾಡುವವರಿಗೆ ಒಂದು ಮಾತು: 28 ವಾರ ದಾಟಿದರೆ ಬಹಳಷ್ಟು ವಿಮಾನ ಸಂಸ್ಥೆಗಳು ಡಾಕ್ಟರ ಪತ್ರ ಕೇಳುತ್ತವೆ, ಮೊದಲೇ ವಿಚಾರಿಸಿಕೊಳ್ಳಿ. 28 ವಾರ ಅಂದರೆ ನಾಲ್ಕು ವಾರದ ಲೆಕ್ಕದಲ್ಲಿ ಸರಿಯಾಗಿ ಏಳು ತಿಂಗಳು. ಅಜ್ಜಿಯ ಲೆಕ್ಕವೂ ವಿಮಾನದವರ ಲೆಕ್ಕವೂ ಒಂದೇ ಕಡೆ ಬಂದು ನಿಂತಿದ್ದು ನೋಡಿ ನಗು ಬಂತು.

ಈಗ ಅಕ್ಟೋಬರ್. ನನ್ನ ರಜೆ ಶುರುವಾಗಿದೆ. ಕಿಟಕಿಯಾಚೆ ಮರಗಳೆಲ್ಲ ಹಳದಿ. ಅಮ್ಮನ ವೀಸಾ ಬಂದಿದೆ, 90 ದಿನಕ್ಕೆ. ಮೂರು ತಿಂಗಳು, ಮುತ್ತಜ್ಜಿ ಹರಿಹರದಲ್ಲಿ ಇದ್ದಷ್ಟೇ. ಅಪ್ಪನನ್ನೂ ಅಜ್ಜಿಯನ್ನೂ ಚಿಕ್ಕಮ್ಮ ನೋಡಿಕೊಳ್ಳುತ್ತಾಳೆ. ಅಮ್ಮ ದಿನಾ ಸೂಟ್‌ಕೇಸ್ ತೂಕ ಹಾಕುತ್ತಿದ್ದಾಳೆ. ಹರಿದಿಟ್ಟ ಸೀರೆ ಚೌಕಗಳೇ ನಾಲ್ಕು ಕಿಲೋ. ನನ್ನ ಗಂಡ ನಮ್ಮ ಮಲಗುವ ಕೋಣೆಗೆ ದಪ್ಪ ಪರದೆ ತಂದು ಹಾಕಿದ್ದಾನೆ. ಗಾಳಿ ಬಾರದ ಹಾಗೆ ಇದೆಯಾ ಅಂತ ಅಮ್ಮ ವಿಡಿಯೋ ಕಾಲ್‌ನಲ್ಲಿ ಪರೀಕ್ಷೆ ಮಾಡಿದಳು. ಪಾಸ್.

ಅಜ್ಜಿ ನಿನ್ನೆ ಕೇಳಿದಳು, "ಅಲ್ಲೂ ಹೊಳಿ ಐತೇನು?"

ಇದೆ ಅಜ್ಜಿ, ನೆಕ್ಕರ್ ಅಂತ ಹೆಸರು ಅಂದೆ. ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಗಲು ಆ ಹೊಳೆ ದಾಟಲೇಬೇಕು. ಅದನ್ನು ಮಾತ್ರ ಇನ್ನೂ ಹೇಳಿಲ್ಲ.